ಹತ್ತು ದಿನದ ನೀರು

ಗೃಹಪ್ರವೇಶಕ್ಕೆ ಬಂದವರು ಟೈಲ್ಸ್ ಹೊಗಳುತ್ತಾರೆ, ಬಾಗಿಲ ಕೆತ್ತನೆ ಸವರಿ ನೋಡುತ್ತಾರೆ. ತಾರಸಿಯೊಳಗಿನ ಕಂಬಿಯ ಯೋಗಕ್ಷೇಮವನ್ನು ಯಾರೂ ವಿಚಾರಿಸುವುದಿಲ್ಲ. ಸಿಮೆಂಟ್ ಮೂಟೆಯ ಮೇಲಿನ 43, 53 ಎಂಬ ಅಂಕಿಗಳೂ 28ನೇ ದಿನದ ಬಲವನ್ನಷ್ಟೇ ಹೇಳುತ್ತವೆ. ಆಮೇಲಿನ ವರ್ಷಗಳದು ಬೇರೆಯೇ ಕಥೆ. ನಮ್ಮ ಕರಾವಳಿಯವರಿಗೆ ಅದು ಚೆನ್ನಾಗಿ ಗೊತ್ತು. ಗಾಳಿಯಲ್ಲಿ ಬಂದ ಉಪ್ಪು ತೇವದೊಡನೆ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ಇಳಿದು ಕಂಬಿಯನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿಕೊಂಡು ಮೇಲಿನ ಪದರವನ್ನು ಒಡೆದು ಉದುರಿಸುತ್ತದೆ.

ಈ ಉಪ್ಪಿನ ನಡಿಗೆಯನ್ನು ವರ್ಷಗಟ್ಟಲೆ ಅಳೆಯುತ್ತಾ ಕೂತವರಲ್ಲಿ ಐಐಟಿ ಮದ್ರಾಸಿನ ಸಂಶೋಧಕರೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಲೊಸಾನ್, ಕ್ಯೂಬಾದ ಸಾಂತಾ ಕ್ಲಾರಾ, ನಮ್ಮ ದೆಹಲಿ ಐಐಟಿಯ ತಂಡಗಳ ಜೊತೆ ಸೇರಿ ಇವರು ಪರೀಕ್ಷಿಸಿದ ಸಿಮೆಂಟಿಗೆ ಎಲ್‌ಸಿ3 ಎಂದು ಹೆಸರು. ಮಾಮೂಲಿ ಸಿಮೆಂಟಿನ ಜೀವಾಳವಾದ ಕ್ಲಿಂಕರ್ ತಯಾರಾಗಲು ಸುಣ್ಣದಕಲ್ಲನ್ನು ಸುಮಾರು 1,450 ಡಿಗ್ರಿಯಲ್ಲಿ ಸುಡಬೇಕು. ಇಂಧನದ ಹೊಗೆಯಲ್ಲದೆ ಆ ಕಲ್ಲೇ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಎಲ್‌ಸಿ3ಯಲ್ಲಿ ಕ್ಲಿಂಕರ್ ಅರ್ಧದಷ್ಟೇ. ಉಳಿದದ್ದು 700–850 ಡಿಗ್ರಿಯಲ್ಲಿ ಸುಟ್ಟ ಜೇಡಿಮಣ್ಣು, ಸುಡದ ಸುಣ್ಣದಕಲ್ಲಿನ ಪುಡಿ, ಸ್ವಲ್ಪ ಜಿಪ್ಸಂ. ಹೊಗೆಯ ಬಾಬ್ತು ಶೇ 30–40ರಷ್ಟು ಇಳಿಯುತ್ತದೆ. ರಂಧ್ರಗಳು ಕಿರಿದಾಗುವುದರಿಂದ ಉಪ್ಪಿನ ದಾರಿಯೂ ಬಿಗಿಯಾಗುತ್ತದೆ. 2023ರಲ್ಲಿ ಭಾರತೀಯ ಮಾನಕ ಬ್ಯೂರೊ ಇಂಥ ಸಿಮೆಂಟಿಗೆ ಮಾನದಂಡವನ್ನೂ ಹೊರಡಿಸಿದೆ.

ಸುಟ್ಟ ಮಣ್ಣಿನ ಗುಣ ನಮ್ಮ ಹಿರಿಯರಿಗೆ ಅಪರಿಚಿತವಲ್ಲ. ಇಟ್ಟಿಗೆ ಪುಡಿಯನ್ನು ಸುಣ್ಣಕ್ಕೆ ಬೆರೆಸಿದ ಸುರ್ಕಿ ಗಾರೆಯಲ್ಲೇ ಕನ್ನಂಬಾಡಿ ಕಟ್ಟೆ ಎದ್ದದ್ದು. ಹಾಗೆಂದು ಎಲ್ಲವೂ ನಮ್ಮಲ್ಲೇ ಇತ್ತು ಎಂದು ಬೀಗಬೇಕಾಗಿಲ್ಲ. ಯಾವ ಮಣ್ಣು, ಎಷ್ಟು ಶಾಖ, ಎಷ್ಟು ಪಾಲು ಎಂದು ಅಳೆದು ಹೇಳಲು ಪ್ರಯೋಗಾಲಯವೇ ಬೇಕಾಯಿತು.

ಆದರೆ ಪ್ರಯೋಗಾಲಯದ ತಪಸ್ಸು ನಮ್ಮ ನಿವೇಶನದಲ್ಲಿ ಮೂರೇ ದಿನದಲ್ಲಿ ವ್ಯರ್ಥವಾಗಬಲ್ಲದು. ಸುಟ್ಟ ಮಣ್ಣಾಗಲಿ, ಈಗ ಅಂಗಡಿಯಲ್ಲಿ ಸಿಗುವ ಪಿಪಿಸಿ ಎಂಬ ಮಿಶ್ರ ಸಿಮೆಂಟಿನ ಹಾರುಬೂದಿಯಾಗಲಿ, ಸಿಮೆಂಟಿನಿಂದ ಹೊರಬರುವ ಸುಣ್ಣದೊಡನೆ ಕೂಡಿ ರಂಧ್ರ ತುಂಬಲು ತೇವ ಬೇಕು, ಸಮಯವೂ ಬೇಕು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ 10 ದಿನ ಕ್ಯೂರಿಂಗ್, ಅಂದರೆ ನೀರುಣಿಸಿ ತೇವ ಕಾಯುವುದು, ಎನ್ನುತ್ತದೆ ನಮ್ಮ ಕಾಂಕ್ರೀಟ್ ಸಂಹಿತೆ. ನನಗನ್ನಿಸುವಂತೆ, ಎರಡನೇ ಸಲ ಕಟ್ಟುವ ಅಗತ್ಯವೇ ಬೀಳದ ತಾರಸಿಗಿಂತ ದೊಡ್ಡ ಪರಿಸರ ಸೇವೆಯನ್ನು ಒಬ್ಬ ಗೃಹಸ್ಥ ಮಾಡಲಾರ. ಮುಂದೆ ಅದರಡಿ ಮಲಗುವವರು ನಮ್ಮ ಮೊಮ್ಮಕ್ಕಳೋ, ಮನೆ ಕೊಂಡ ಅಪರಿಚಿತರೋ, ಯಾರಾದರೇನು? ಮೋಲ್ಡ್ ಹಾಕಿದ ಮೇಲೆ ಹತ್ತು ದಿನ ತಾರಸಿ ಒಣಗಲು ಬಿಡಬೇಡಿ. ಕಲಸುವುದು ಸಲೀಸಾಗಲಿ ಎಂದು ಮೇಸ್ತ್ರಿ ರಂಧ್ರ ಹೆಚ್ಚಿಸುವ ಇನ್ನೊಂದು ಬಕೆಟ್ ನೀರು ಸುರಿಯಹೊರಟರೆ, ಚಹಾ ಕೊಟ್ಟು ‘ಬೇಡಪ್ಪ’ ಎನ್ನಿ.