ಹೆಸರಿಲ್ಲದ ಸಮಾಧಿ

ತಮ್ಮ ಮುತ್ತಜ್ಜನ ಸಮಾಧಿ ಎಲ್ಲಿದೆಯೆಂದು ತಾವು ಬಲ್ಲಿರಾ? ಮೃತರನ್ನು ಮಣ್ಣಿಗೆ ಒಪ್ಪಿಸುವ ಸಂಪ್ರದಾಯದವರಾದ ನಮಗೆ ಈ ಪ್ರಶ್ನೆ ಹೊಸದೇನೂ ಅಲ್ಲ. ಹೊಲದ ಬದುವಿನಲ್ಲಿ, ಬೇವಿನ ಮರದ ಬುಡದಲ್ಲಿ, ಇಲ್ಲವೆ ಊರ ರುದ್ರಭೂಮಿಯಲ್ಲಿ ಎಂದು ಮನೆಯ ಹಿರಿಯರು ಯಾರಾದರೂ ಬೆರಳು ಮಾಡಿ ತೋರಿಸಿಯಾರು. ಆದರೆ ಹಾಗೆ ತೋರಿಸಬೇಕಾದ ಹಿರಿಯರೇ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು ಹೋಗಿದ್ದರೆ? ಆಗ ಮೊಮ್ಮಕ್ಕಳ ಕರ್ತವ್ಯವೇನು? ಹುಡುಕುವುದೇ, ಹಿರಿಯರ ಮೌನವನ್ನು ಗೌರವಿಸಿ ಸುಮ್ಮನಿರುವುದೇ?

ಇಂಗ್ಲೆಂಡ್ ಮತ್ತು ಐರ್ಲೆಂಡ್ ದೇಶಗಳ ಅನೇಕ ಕುಟುಂಬಗಳಿಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಅಲ್ಲಿ 19ನೆಯ ಶತಮಾನದಲ್ಲಿ ‘ವರ್ಕ್‌ಹೌಸ್’ ಎಂಬ ಸಂಸ್ಥೆಗಳಿದ್ದವು. ಹೆಸರಿನ ಅರ್ಥ ದುಡಿಮೆಯ ಮನೆ. ಊರವರ ಪಾಲಿಗೆ ಅದು ದಿಕ್ಕಿಲ್ಲದವರ ಕೊನೆಯ ಬಾಗಿಲು. 1834ರಲ್ಲಿ ಇಂಗ್ಲೆಂಡಿನ ಬಡವರ ಕಾಯಿದೆಗೆ ತಿದ್ದುಪಡಿಯಾಗಿ, ಹಲವು ಪ್ಯಾರಿಷ್‌ಗಳನ್ನು ಒಕ್ಕೂಟವಾಗಿ ಕೂಡಿಸಿ, ಒಂದೊಂದು ಒಕ್ಕೂಟಕ್ಕೂ ಒಂದು ಪಾಲಕ ಮಂಡಲಿಯನ್ನು ನೇಮಿಸಿ, ಇಂಥ ಮನೆಗಳನ್ನು ನಡೆಸುವ ವ್ಯವಸ್ಥೆಯಾಯಿತು. ಹೊರಗೆ ದುಡಿದು ಬದುಕುವ ಅತ್ಯಂತ ಬಡ ಕೂಲಿಕಾರನ ಸ್ಥಿತಿಗಿಂತ ಒಳಗಿನವನ ಸ್ಥಿತಿ ಕೀಳಾಗಿಯೇ ಇರತಕ್ಕದ್ದು ಎಂಬುದು ಆ ವ್ಯವಸ್ಥೆಯ ತತ್ತ್ವ. ಹಾಗಿಲ್ಲವಾದರೆ ಜನ ಸೋಮಾರಿಗಳಾಗಿ ಒಳಕ್ಕೆ ನುಗ್ಗಿಯಾರೆಂಬ ಭಯ! ಆದುದರಿಂದ ಗಂಡನೊಂದು ಕಡೆ, ಹೆಂಡತಿಯೊಂದು ಕಡೆ, ಮಕ್ಕಳು ಮತ್ತೊಂದು ಕಡೆ. ಎಲ್ಲರಿಗೂ ಒಂದೇ ಬಗೆಯ ಸಮವಸ್ತ್ರ. ಗಂಡಸರಿಗೆ ಕಲ್ಲು ಒಡೆಯುವ ಕೆಲಸ, ಕೈಲಾಗದವರಿಗೆ ಹಡಗಿನ ಹಳೆಯ ಹಗ್ಗಗಳನ್ನು ಬಿಡಿಸಿ ನಾರು ತೆಗೆಯುವ ಕೆಲಸ. ನಾವೆಲ್ಲರೂ ನೋಡಿ ನಕ್ಕ ಚಾರ್ಲಿ ಚಾಪ್ಲಿನ್ ತನ್ನ ಏಳನೆಯ ವಯಸ್ಸಿನಲ್ಲಿ ತಾಯಿ ಮತ್ತು ಅಣ್ಣನೊಡನೆ ಲಂಡನ್ನಿನ ಲ್ಯಾಂಬೆತ್ ವರ್ಕ್‌ಹೌಸಿನ ಬಾಗಿಲು ದಾಟಿದವನು.

ನಮ್ಮಲ್ಲಿ ಅನೇಕರು ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು. ಆ ಪಂಕ್ತಿಯಲ್ಲಿ ಕುಳಿತ ನೆನಪನ್ನು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ವರ್ಕ್‌ಹೌಸಿನಲ್ಲಿ ಉಂಡವನ ಮಕ್ಕಳು ಅದನ್ನು ಹೇಳಿಕೊಳ್ಳಲಿಲ್ಲ. ಅನ್ನ ಅಲ್ಲಿಯೂ ಅನ್ನವೇ. ಆದರೆ ಕೊಡುವವನು ಅದರೊಡನೆ ಅವಮಾನವನ್ನೂ ಬಡಿಸಿದ್ದ.

ಅವಮಾನ ಸಾವಿನೊಂದಿಗೂ ಮುಗಿಯುತ್ತಿರಲಿಲ್ಲ. 1752ರ ಕಾಯಿದೆಯೊಂದು ಗಲ್ಲಿಗೇರಿದ ಕೊಲೆಗಾರರ ಶವಗಳನ್ನು ವೈದ್ಯರ ಛೇದನಕ್ಕೆ ಒಪ್ಪಿಸುತ್ತಿತ್ತು. ಅದು ಶಿಕ್ಷೆಯ ಮೇಲೊಂದು ಶಿಕ್ಷೆ. 1832ರ ಅಂಗರಚನಾ ಕಾಯಿದೆ ಕೊಲೆಗಾರರನ್ನು ಅದರಿಂದ ಬಿಡುಗಡೆ ಮಾಡಿ, ವಾರಸುದಾರರು ಬಂದು ಕೇಳದಿದ್ದ ಶವಗಳನ್ನು ವೈದ್ಯಶಾಲೆಗಳಿಗೆ ಕೊಡಲು ಅನುಮತಿ ನೀಡಿತು. ಅಂಥ ಶವಗಳು ಹೆಚ್ಚಾಗಿ ಎಲ್ಲಿ ದೊರೆಯುತ್ತಿದ್ದವೆಂದು ತಾವೇ ಊಹಿಸಬಹುದು. ನಿನ್ನೆಯವರೆಗೆ ಕೊಲೆಯ ದಂಡವಾಗಿದ್ದುದು ಇಂದು ಬಡತನದ ದಂಡವಾಯಿತೆಂದು ಬಡಜನ ನಡುಗಿದರು. ಹೊಟ್ಟೆಗಿಲ್ಲದಿದ್ದರೂ ವಾರಕ್ಕೊಂದು ಪೆನ್ನಿ ಕಟ್ಟಿ ಶವಸಂಸ್ಕಾರದ ಸಂಘಗಳಲ್ಲಿ ಹಣ ಕೂಡಿಟ್ಟರು. ಬದುಕಿನ ಬಗೆಗೆ ಆಸೆ ಬಿಟ್ಟವರೂ ಗುಣಿಯ ಬಗೆಗೆ ಆಸೆ ಬಿಡಲಿಲ್ಲ.

ಈಗ ಹುಡುಕಾಟದ ಮಾತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1837ರ ಜುಲೈ 1ರಿಂದ ಜನನ ಮರಣಗಳ ಸರಕಾರಿ ನೋಂದಣಿ ಆರಂಭವಾಯಿತು. ಮರಣಪತ್ರದಲ್ಲಿ ಸತ್ತ ಸ್ಥಳವೆಂದು ‘ಯೂನಿಯನ್ ವರ್ಕ್‌ಹೌಸ್’ ಎಂಬ ಎರಡು ಪದಗಳು ಕಂಡಾಗ ಮೊಮ್ಮಗನಿಗೆ ಮನೆಯ ಮೌನದ ಕಾರಣ ಹೊಳೆಯುತ್ತದೆ. ಆದರೆ ಎಲ್ಲಿ ಹೂಳಿದರೆಂಬುದನ್ನು ಆ ಪತ್ರ ಹೇಳುವುದಿಲ್ಲ. ಅದಕ್ಕಾಗಿ ಜಿಲ್ಲಾ ದಾಖಲೆ ಭಂಡಾರಕ್ಕೆ ಹೋಗಬೇಕು. ಒಳಬಂದವರ, ಹೊರಹೋದವರ ಪುಸ್ತಕ, ಪಾಲಕ ಮಂಡಲಿಯ ನಡವಳಿ, ಯಾರ ಧರ್ಮ ಯಾವುದೆಂದು ಬರೆದಿಟ್ಟ ಪುಸ್ತಕ, ಇವೆಲ್ಲವನ್ನೂ ಉಳಿದಿದ್ದರೆ ತಿರುವಿ ನೋಡಬೇಕು. ಬಂಧುಗಳು ಬಂದು ಶವವನ್ನು ಒಯ್ದಿದ್ದರೆ ಸ್ವಂತ ಊರಿನ ಚರ್ಚಿನ ಅಂಗಳದಲ್ಲಿ ಹುಡುಕಬೇಕು. ಯಾರೂ ಬಾರದಿದ್ದರೆ ವರ್ಕ್‌ಹೌಸಿದ್ದ ಪ್ಯಾರಿಷ್‌ನಲ್ಲಿ, ಅಥವಾ 1850ರ ದಶಕದ ಬಳಿಕ ಪಟ್ಟಣಗಳು ತೆರೆದ ಸಾರ್ವಜನಿಕ ಸ್ಮಶಾನಗಳಲ್ಲಿ. ಕೆಲವೆಡೆ ವರ್ಕ್‌ಹೌಸಿಗೆ ತನ್ನದೇ ಹೂಳುವ ಜಾಗವೂ ಇತ್ತು. ಶವ ಛೇದನಕ್ಕೆ ಹೋಗಿದ್ದರೆ ದಾರಿ ಇನ್ನೂ ದೂರ. ರೈಲಿನಲ್ಲಿ ಬೇರೆ ಊರಿಗೆ ಸಾಗಿಸಿದ ಶವ ಆ ಊರಿನ ಮಣ್ಣಿನಲ್ಲಿಯೇ ಉಳಿದಿದ್ದೀತು.

ಇಷ್ಟೆಲ್ಲ ಅಲೆದ ಮೇಲೆ ಅದೃಷ್ಟವಿದ್ದವನಿಗೆ ದೊರೆಯುವುದು ಕಲ್ಲಲ್ಲ, ಒಂದು ಸಂಖ್ಯೆ. ಸ್ಮಶಾನದ ನಕಾಶೆಯಲ್ಲಿ ಇಂಥ ವಿಭಾಗ, ಇಂಥ ಗುಣಿ. ಹೋಗಿ ನೋಡಿದರೆ ಹುಲ್ಲು ಮಾತ್ರ.

ಇಲ್ಲೊಂದು ವಿಚಿತ್ರವುಂಟು. ಮನೆಯಲ್ಲಿಯೇ ಮರ್ಯಾದೆಯಿಂದ ಸತ್ತ ಬಡವನ ಬಗೆಗೆ ಹೆಚ್ಚು ಕಾಗದಗಳಿಲ್ಲ. ಸರಕಾರದ ಕೈಗೆ ಸಿಕ್ಕವನ ಪ್ರವೇಶದ ದಿನ, ವಯಸ್ಸು, ಕಸುಬು, ಧರ್ಮ ಎಲ್ಲವೂ ದಾಖಲಾಗಿವೆ. ಅವನನ್ನು ಭಿಕಾರಿಯೆಂದು ಎಣಿಸಿದ ಪುಸ್ತಕವೇ ಅವನನ್ನು ಮೊಮ್ಮಕ್ಕಳಿಗಾಗಿ ಕಾಯ್ದಿಟ್ಟಿದೆ. ಆ ಬರೆವಣಿಗೆಯಲ್ಲಿ ಕರುಣೆಯಿರಲಿಲ್ಲ, ಲೆಕ್ಕವಿತ್ತು. ಆದರೂ ಆ ಗುಮಾಸ್ತನಿಗೆ ನಾವು ಋಣಿಗಳೇ ಎಂದು ನನಗೆ ತೋರುತ್ತದೆ.

ಹಾಗಾದರೆ ಮೊದಲಿನ ಪ್ರಶ್ನೆ: ಹಿರಿಯರು ಮುಚ್ಚಿಟ್ಟುದನ್ನು ತೆರೆಯುವ ಅಧಿಕಾರ ನಮಗುಂಟೇ? ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಸತ್ತವನು ತನ್ನನ್ನು ಸಮರ್ಥಿಸಿಕೊಳ್ಳಲಾರ. ಕುಡಿತ, ಜಗಳ, ತೊರೆದು ಹೋದ ಹೆಂಡತಿ, ಇಂಥವನ್ನು ಕಡತದಿಂದ ಕೆದಕಿ ಊರಿಗೆ ಸಾರುವ ಮೊಮ್ಮಗನು ಹಿರಿಯರಿಗೆ ಉಪಕಾರ ಮಾಡಿದವನಲ್ಲ. ಆದರೆ ಬಡತನ ಅಂಥ ಗುಟ್ಟಲ್ಲ. 1904ರಿಂದ ವರ್ಕ್‌ಹೌಸಿನಲ್ಲಿ ಹುಟ್ಟಿದ ಮಕ್ಕಳ ಜನನಪತ್ರದಲ್ಲಿ ಆ ಹೆಸರನ್ನು ಕಾಣಿಸದೆ ಬೀದಿಯ ವಿಳಾಸವನ್ನು ಮಾತ್ರ ಬರೆಯುವ ಪದ್ಧತಿ ಬಂದಿತು. ಮಗುವಿಗೆ ಮುಂದೆ ಕಳಂಕ ಬಾರದಿರಲೆಂಬ ಸದುದ್ದೇಶ ಅದರದು, ಆ ಕಾಲಕ್ಕೆ ಸರಿಯೂ ಹೌದು. ಆದರೆ ವರ್ಕ್‌ಹೌಸುಗಳ ಪಾಲಕ ಮಂಡಲಿಗಳು 1930ರಲ್ಲಿ ರದ್ದಾದವು. ಹಳೆಯ ಬಡವರ ಕಾಯಿದೆಯೇ 1948ರಲ್ಲಿ ಕೊನೆಗೊಂಡಿತು. ಹೊರಿಸಿದವರೇ ಇಳಿಸಿಕೊಂಡ ನಾಚಿಕೆಯನ್ನು ಮೊಮ್ಮಕ್ಕಳು ಹೊತ್ತು ನಡೆಯಬೇಕೆಂಬ ನ್ಯಾಯ ಯಾವುದು?

ಐರ್ಲೆಂಡಿನ ಮಾತು ಇನ್ನೂ ಕಠಿಣ. 1845ರಿಂದ 1852ರವರೆಗಿನ ಘೋರ ಕ್ಷಾಮದಲ್ಲಿ ಅಲ್ಲಿನ ವರ್ಕ್‌ಹೌಸುಗಳು ತುಂಬಿ ತುಳುಕಿದವು. ಕಿಲ್‌ಕೆನಿ ಪಟ್ಟಣದಲ್ಲಿ ಹಳೆಯ ವರ್ಕ್‌ಹೌಸಿನ ನೆಲದಲ್ಲಿ 2005ರಲ್ಲಿ ಗುಣಿಗಳು ಕಂಡುಬಂದು, ಮರುವರ್ಷದ ಉತ್ಖನನದಲ್ಲಿ 970ರಷ್ಟು ಮಂದಿಯ ಅಸ್ಥಿಗಳು ದೊರೆತವು. ಅರ್ಧಕ್ಕಿಂತ ಹೆಚ್ಚಿನವರು ಮಕ್ಕಳು. ಅಷ್ಟು ಸಾವಿನ ನಡುವೆಯೂ ಬಹುತೇಕರನ್ನು ಮರದ ಪೆಟ್ಟಿಗೆಯಲ್ಲಿಟ್ಟೇ ಹೂಳಿದ್ದರು. ಯಾರೋ ಅಷ್ಟಾದರೂ ಮಾಡಿದ್ದರು. ಟ್ಯೂಮ್ ಎಂಬ ಇನ್ನೊಂದು ಪಟ್ಟಣದಲ್ಲಿ ಹಳೆಯ ವರ್ಕ್‌ಹೌಸಿನ ಕಟ್ಟಡದಲ್ಲಿಯೇ 1925ರಿಂದ 1961ರವರೆಗೆ ಅವಿವಾಹಿತ ತಾಯಂದಿರ ಮತ್ತು ಮಕ್ಕಳ ಆಶ್ರಮವೊಂದು ನಡೆಯಿತು. ಸ್ಥಳೀಯ ಇತಿಹಾಸಜ್ಞೆ ಕ್ಯಾಥರೀನ್ ಕಾರ್ಲೆಸ್ ಎಂಬ ಮಹಿಳೆ ಅಲ್ಲಿ ತೀರಿಕೊಂಡ ಮಕ್ಕಳ ಮರಣಪತ್ರಗಳನ್ನು ಸಂಗ್ರಹಿಸಿದರು: 796 ಹೆಸರುಗಳು. ಹೂಳಿದ ದಾಖಲೆಗಳು ಮಾತ್ರ ಇರಲಿಲ್ಲ. 2017ರಲ್ಲಿ ತನಿಖಾ ಆಯೋಗ ಅಲ್ಲಿ ಅಸ್ಥಿಗಳಿರುವುದನ್ನು ದೃಢಪಡಿಸಿತು. 2025ರಲ್ಲಿ ಉತ್ಖನನ ಆರಂಭವಾಯಿತು. ಆಕೆ ಹುಡುಕಿದ ಆ ಮಕ್ಕಳು ಆಕೆಯ ಬಂಧುಗಳಲ್ಲ ಎಂಬುದನ್ನು ತಾವು ಗಮನಿಸಬೇಕು.

ಪರದೇಶದ ಕಥೆಯೆಂದು ನಾವು ನಿಟ್ಟುಸಿರಿಟ್ಟು ಸುಮ್ಮನಾಗುವಂತಿಲ್ಲ. ವಾರಸುದಾರರಿಲ್ಲದ ಶವಗಳನ್ನು ವೈದ್ಯಕೀಯ ಶಿಕ್ಷಣಕ್ಕೆ ಒದಗಿಸುವ 1957ರ ಅಂಗರಚನಾ ಕಾಯಿದೆ ನಮ್ಮ ರಾಜ್ಯದಲ್ಲಿಯೂ ಉಂಟು. ವಿದ್ಯೆಗೆ ಶವ ಬೇಕು, ನಿಜ. ಬದುಕಿರುವಾಗಲೇ ಸ್ವಸಂತೋಷದಿಂದ ದೇಹದಾನ ಬರೆದುಕೊಟ್ಟವರನ್ನು ನಾವು ಕೈಮುಗಿದು ಕಳುಹಿಸುತ್ತೇವೆ. ಯಾರೂ ಬಾರದಿದ್ದುದರಿಂದ ಹೋದವನಿಗೆ ಕೈಮುಗಿಯುವವರು ಯಾರು?

ಇನ್ನೊಂದು ಪ್ರಶ್ನೆ ಉಳಿಯಿತು. ಇಂಗ್ಲೆಂಡಿನ ಸಾರ್ವಜನಿಕ ಗುಣಿಗಳಲ್ಲಿ ಒಬ್ಬರ ಮೇಲೊಬ್ಬರಂತೆ ಪರಸ್ಪರ ಸಂಬಂಧವಿಲ್ಲದ ಹಲವರನ್ನು ಇಟ್ಟಿರುತ್ತಾರೆ. ಮೊಮ್ಮಗನು ಅಲ್ಲಿ ತನ್ನ ಮುತ್ತಜ್ಜನ ಹೆಸರಿನ ಕಲ್ಲೊಂದನ್ನು ನಿಲ್ಲಿಸಿದನೆನ್ನಿ. ಅವನ ಕೆಳಗೂ ಮೇಲೂ ಮಲಗಿದವರು ಆ ಕ್ಷಣದಿಂದ ಇನ್ನೊಬ್ಬನ ಸಮಾಧಿಯಲ್ಲಿ ಅತಿಥಿಗಳಾಗಿಬಿಡುತ್ತಾರೆ. ಅವರನ್ನು ಹುಡುಕಿಕೊಂಡು ಬರುವವರು ಇಲ್ಲದಿರಬಹುದು. ಅದಕ್ಕಾಗಿ ಕಲ್ಲೇ ಬೇಡವೆನ್ನಲೇ? ಅದೂ ಒಪ್ಪಿಗೆಯಾಗದು. ನಾನು ಅವನ ಸ್ಥಾನದಲ್ಲಿದ್ದರೆ ಕಲ್ಲಿನವನ ಬಳಿಗೆ ಹೋಗುವ ಮುನ್ನ ಸ್ಮಶಾನದ ಕಚೇರಿಗೆ ಮತ್ತೊಮ್ಮೆ ಹೋಗುತ್ತಿದ್ದೆ. ಅದೇ ಪುಸ್ತಕವನ್ನು ತೆರೆಯಿಸಿ, ಆ ಸಂಖ್ಯೆಯ ಗುಣಿಯ ಎದುರಿಗೆ ಬರೆದಿರುವ ಉಳಿದ ಹೆಸರುಗಳನ್ನೂ ಒಂದೊಂದಾಗಿ ಬರೆದುಕೊಂಡು ಬರುತ್ತಿದ್ದೆ.