ಸವೆಯದ ಸಾಧನ, ತಣಿಯದ ಆಸೆ

ಪ್ರತಿಯೊಂದು ವಸ್ತುವಿಗೂ ಒಂದು ಆಯುಷ್ಯವಿದೆ. ಆದರೆ ಇಂದು ನಮ್ಮ ಮನೆಗಳಿಂದ ಹೊರಬೀಳುವ ವಸ್ತುಗಳಲ್ಲಿ ಎಷ್ಟೋ ವಸ್ತುಗಳ ಆಯುಷ್ಯ ಮುಗಿದಿರುವುದಿಲ್ಲ. ನಮ್ಮ ಆಸೆ ಬದಲಾಗಿರುತ್ತದೆ ಅಷ್ಟೆ. ಇನ್ನೂ ಕೆಲಸ ಮಾಡುತ್ತಿರುವ ವಸ್ತುವನ್ನು ಬಿಟ್ಟು ಹೊಸದನ್ನು ಕೊಳ್ಳುವುದು ಯಾವಾಗ ಅಲ್ಲಾಹನ ಅನುಗ್ರಹದ ಸದ್ಬಳಕೆಯಾಗುತ್ತದೆ, ಯಾವಾಗ ದುಂದುವೆಚ್ಚವಾಗುತ್ತದೆ? ಈ ಪ್ರಶ್ನೆಯನ್ನು ಪರಿಶೀಲಿಸಲು ಹಿರಿಯರ ಜೇಬಿನಲ್ಲಿರುತ್ತಿದ್ದ ಒಂದು ಚಿಕ್ಕ ಸಾಧನವೇ ಸಾಕು.

2003ರಲ್ಲಿ ನೋಕಿಯಾ ಕಂಪೆನಿಯು 1100 ಎಂಬ ಮೊಬೈಲ್ ಫೋನನ್ನು ಮಾರುಕಟ್ಟೆಗೆ ತಂದಿತು. ಭಾರತದಂತಹ ದೇಶಗಳ ಜನಸಾಮಾನ್ಯರನ್ನು ಗಮನದಲ್ಲಿಟ್ಟು ರೂಪಿಸಿದ ಫೋನ್ ಅದು. ಅದರಲ್ಲಿ ಕ್ಯಾಮರಾ ಇರಲಿಲ್ಲ, ಬಣ್ಣದ ಪರದೆ ಇರಲಿಲ್ಲ. ಆದರೆ ಧೂಳು ಒಳಹೋಗದಂತೆ ಕೀಲಿಗಳಿಗೆ ರಬ್ಬರಿನ ಹೊದಿಕೆಯಿತ್ತು, ಬೆವರಿದ ಕೈಯಿಂದ ಜಾರದಂತೆ ಬದಿಗಳಲ್ಲಿ ಹಿಡಿತವಿತ್ತು, ಕರೆಂಟು ಹೋದಾಗ ದಾರಿ ತೋರಲು ಪುಟ್ಟ ಟಾರ್ಚು ಇತ್ತು. ಜಗತ್ತಿನಾದ್ಯಂತ ಅದು ಸುಮಾರು 25 ಕೋಟಿಯಷ್ಟು ಮಾರಾಟವಾಯಿತು. ಅದೇ ಕಂಪೆನಿ ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿ 2006ರಲ್ಲಿ ಆರಂಭಿಸಿದ ದೊಡ್ಡ ಕಾರ್ಖಾನೆ 2014ರಲ್ಲಿ ಬಾಗಿಲು ಮುಚ್ಚಿತು. ಆ ಕಾರ್ಖಾನೆಗಿಂತ ಮೊದಲೇ ಹುಟ್ಟಿದ ಈ ಫೋನುಗಳಲ್ಲಿ ಕೆಲವು ಅದು ಮುಚ್ಚಿದ ಮೇಲೂ ಬಾಳಿದವು.

ಈ ಬಾಳಿಕೆಯಲ್ಲಿ ಪವಾಡವೇನೂ ಇಲ್ಲ. ಮೊಬೈಲಿನಲ್ಲಿ ಎಲ್ಲಕ್ಕಿಂತ ಮೊದಲು ಮುಪ್ಪಾಗುವುದು ಬ್ಯಾಟರಿ. ಈ ಫೋನಿನ ಬೆನ್ನ ಮುಚ್ಚಳವನ್ನು ಕೈಯಿಂದಲೇ ತೆಗೆದು ಹೊಸ ಬ್ಯಾಟರಿ ಹಾಕಬಹುದು. ಇಂದಿನ ಹೆಚ್ಚಿನ ಫೋನುಗಳಲ್ಲಿ ಅದನ್ನು ಒಳಗೆ ಅಂಟಿಸಿರುತ್ತಾರೆ. ದುರಸ್ತಿ ಕಷ್ಟವಾದಾಗ ಎಸೆಯುವುದು ಸುಲಭವೆನಿಸುತ್ತದೆ. ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಹ. ಆಯಿಶಾ(ರ)ರನ್ನು ಕೇಳಿದಾಗ, ತಮ್ಮ ಪಾದರಕ್ಷೆಯನ್ನೂ ಬಟ್ಟೆಯನ್ನೂ ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಅವರು ತಿಳಿಸಿದ್ದರು. ದುರಸ್ತಿ ಮಾಡಿ ಬಳಸುವುದು ಅವಮಾನದ ಕೆಲಸವಾಗಿದ್ದರೆ ಆ ಪವಿತ್ರ ಕೈಗಳು ಅದನ್ನು ಮಾಡುತ್ತಿರಲಿಲ್ಲ.

ಹಾಗಾದರೆ ಹೊಸದನ್ನು ಕೊಳ್ಳುವುದೇ ತಪ್ಪೇ? ಖಂಡಿತ ಅಲ್ಲ. ತನ್ನ ದಾಸನಿಗೆ ನೀಡಿದ ಅನುಗ್ರಹದ ಕುರುಹು ಅವನಲ್ಲಿ ಕಾಣಿಸುವುದನ್ನು ಅಲ್ಲಾಹನು ಮೆಚ್ಚುತ್ತಾನೆಂದು ಹದೀಸ್ ನಮಗೆ ಕಲಿಸುತ್ತದೆ. ಮಗಳ ಆನ್‌ಲೈನ್ ಪಾಠಕ್ಕೆ, ಅಂಗಡಿಯ ಹಣ ಪಾವತಿಗೆ, ದೂರದ ಗಲ್ಫಿನಲ್ಲಿರುವ ಮಗನ ಮುಖ ನೋಡುವುದಕ್ಕೆ ಹಳೆಯ ಫೋನು ಉಪಯೋಗಕ್ಕೆ ಬಾರದು. 2ಜಿ ಜಾಲವಿಲ್ಲದ ಕಡೆ ಅದು ಬರಿಯ ಟಾರ್ಚು. ಅಗತ್ಯವಿದ್ದವನು ಹೊಸದನ್ನು ಕೊಂಡರೆ ಅವನನ್ನು ದುಂದುಗಾರನೆನ್ನಲು ನಮಗೆ ಹಕ್ಕಿಲ್ಲ. ಕೈಯಲ್ಲಿ ಹಣವಿದ್ದೂ ಮನೆಯವರ ಅಗತ್ಯವನ್ನು ಕಡೆಗಣಿಸಿ ಹಳತನ್ನೇ ಹಿಡಿದು ಕೂರುವುದು ಸರಳತೆಯಲ್ಲ, ಜಿಪುಣತನ. ದುಂದುವೆಚ್ಚ ಮತ್ತು ಜಿಪುಣತನಗಳ ನಡುವಿನ ಮಧ್ಯಮ ಮಾರ್ಗವನ್ನೇ ಪವಿತ್ರ ಕುರ್‌ಆನ್ ಕರುಣಾಮಯನ ದಾಸರ ಲಕ್ಷಣವೆಂದು ಸಾರಿದೆ.

ಆದ್ದರಿಂದ ಪ್ರಶ್ನೆ ಇರುವುದು ಫೋನಿನ ವಯಸ್ಸಿನಲ್ಲಲ್ಲ, ಅದನ್ನು ಬದಲಿಸಲು ಹೊರಟ ಮನಸ್ಸಿನಲ್ಲಿ. ಒಳ್ಳೆಯ ಉಡುಪು, ಒಳ್ಳೆಯ ಪಾದರಕ್ಷೆಯನ್ನು ಬಯಸುವುದು ಅಹಂಕಾರವೇ ಎಂಬ ಪ್ರಶ್ನೆ ಬಂದಾಗ ಪ್ರವಾದಿವರ್ಯರು(ಸ) ಅದನ್ನು ಅಹಂಕಾರವೆನ್ನಲಿಲ್ಲ. ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರವೆಂದು ವಿವರಿಸಿದರು. ಈ ಅಳತೆಗೋಲನ್ನು ನಮ್ಮ ಕೈಯಲ್ಲಿರುವ ಫೋನಿಗೂ ಇಟ್ಟು ನೋಡೋಣ. ಹೊಸ ಫೋನು ಅಹಂಕಾರವಲ್ಲ. ಮದುವೆ ಮನೆಯಲ್ಲಿ ಹಳೆಯ ಫೋನು ತೆಗೆದ ಹಿರಿಯರನ್ನು ಕಂಡು ನಗುವುದು ಅಹಂಕಾರ. ಸ್ವಂತ ತಂದೆಯ ಕೈಯಲ್ಲಿ ಅದನ್ನು ಕಂಡು ನಾಚುವ ಮಗನು ತಾನು ಯಾರ ದುಡಿಮೆಯಿಂದ ಬೆಳೆದೆನೆಂಬುದನ್ನು ನೆನೆಯಲಿ. ಹಾಗೆಯೇ ಹಳೆಯ ಫೋನನ್ನು ಎತ್ತಿ ತೋರಿಸಿ ತನ್ನ ಸರಳತೆಯನ್ನು ಮೆರೆಸುವವನೂ ಎಚ್ಚರದಿಂದಿರಲಿ. ಅಹಂಕಾರಕ್ಕೆ ತೇಪೆ ಹಾಕಿದ ಬಟ್ಟೆಯೊಳಗೂ ಜಾಗವಿದೆ.

ಇದಕ್ಕಿಂತಲೂ ಘೋರವಾದ ಇನ್ನೊಂದು ವಿಷಯವಿದೆ. ಕೆಲಸ ಮಾಡುತ್ತಿರುವ ಫೋನನ್ನು ಬದಿಗಿಟ್ಟು, ಇಲ್ಲದ ಹಣದಿಂದ, ಬಡ್ಡಿಯ ಕಂತಿನಲ್ಲಿ ಹೊಸದನ್ನು ತರುವ ಯುವಕರು ನಮ್ಮಲ್ಲಿಲ್ಲವೇ? ಬಡ್ಡಿ ನಿಷಿದ್ಧವೆಂದು ಅವರಿಗೆ ತಿಳಿಯದೆ ಅಲ್ಲ. ಗೆಳೆಯರ ಮುಂದೆ ಸಣ್ಣವನಾಗುವ ಭಯವು ಅಲ್ಲಾಹನ ಭಯವನ್ನು ಮೀರಿದೆ. ಹಸಿವಿಗಾಗಿ ಅಲ್ಲ, ರೋಗಕ್ಕಾಗಿ ಅಲ್ಲ, ಒಂದು ಪರದೆಯ ಹೊಳಪಿಗಾಗಿ ಹರಾಮಿನ ಬಾಗಿಲು ತಟ್ಟುವುದೆಂದರೆ ಅದು ಎಂತಹ ನಷ್ಟದ ವ್ಯಾಪಾರ!

ನಾವು ಎಸೆದ ವಸ್ತು ಕಣ್ಣಿಗೆ ಮರೆಯಾಗುತ್ತದೆ, ಭೂಮಿಯಿಂದ ಮರೆಯಾಗುವುದಿಲ್ಲ. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇಲೆಕ್ಟ್ರಾನಿಕ್ ತ್ಯಾಜ್ಯವನ್ನು ಹೊರಹಾಕಿತು. ಅದರಲ್ಲಿ ಸರಿಯಾಗಿ ಮರುಬಳಕೆಗೆ ಹೋದದ್ದಾಗಿ ದಾಖಲಾದದ್ದು ಕಾಲುಭಾಗಕ್ಕಿಂತಲೂ ಕಡಿಮೆ. ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಲೋಹದ ಅರ್ಧಕ್ಕಿಂತಲೂ ಹೆಚ್ಚು ಪಾಲು ಆಫ್ರಿಕಾದ ಕಾಂಗೋ ದೇಶದಿಂದ ಬರುತ್ತದೆ. ಅಲ್ಲಿನ ಗಣಿಗಳಲ್ಲಿ ಮಕ್ಕಳೂ ದುಡಿಯುವುದು ಬೆಳಕಿಗೆ ಬಂದಿದೆ. ಅಂಗಡಿಯಲ್ಲಿ ನಾವು ತೆರುವ ಬೆಲೆಯೇ ಪೂರ್ಣ ಬೆಲೆಯಲ್ಲ.

ಹೊಸ ಫೋನು ಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಇದು ನನ್ನ ಅಗತ್ಯವೇ, ಇತರರ ಕಣ್ಣಿನ ಅಗತ್ಯವೇ? ಇದರ ಹಣ ಶುದ್ಧವೇ? ಹಳೆಯದು ದುರಸ್ತಿಯಾಗಿ ಮತ್ತೊಬ್ಬರಿಗೆ ಉಪಯುಕ್ತವಾಗಬಹುದೇ? ನಮಗೆ ನೀಡಲಾದ ಅನುಗ್ರಹಗಳ ಬಗ್ಗೆ ಅಂತ್ಯದಿನದಲ್ಲಿ ವಿಚಾರಣೆಯಿದೆಯೆಂದು ಕುರ್‌ಆನ್ ಎಚ್ಚರಿಸಿದೆ. ಅಂದು ನಮ್ಮ ಫೋನು ಎಷ್ಟು ಹೊಸತು ಎಂದು ಯಾರೂ ಕೇಳಲಾರರು. ಅದನ್ನು ಹೇಗೆ ಗಳಿಸಿದೆ, ಹೇಗೆ ಬಳಸಿದೆ ಎಂಬುದಕ್ಕೆ ಉತ್ತರಿಸಬೇಕಾಗುತ್ತದೆ.

ಕೊಟ್ಟದ್ದರಲ್ಲಿ ತೃಪ್ತಿಯನ್ನೂ ಬಳಕೆಯಲ್ಲಿ ಮಿತಿಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.