ಖಾರದ ಲೆಕ್ಕ

ಫ್ಲಶ್ ಮಾಡಿ ಬಾಗಿಲು ಹಾಕಿಕೊಂಡ ಮೇಲೆ ಆ ನೀರಿನ ಯೋಚನೆ ಯಾರಿಗೆ? 2022ರ ಮೊದಲ ಆರು ತಿಂಗಳು ಬೆಂಗಳೂರಿನಲ್ಲಿ ಕೆಲವರಿಗೆ ಅದೇ ಯೋಚನೆಯಾಗಿತ್ತು. ನಗರದ 28 ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಬಾಟಲಿ ತುಂಬಿಸಿಕೊಂಡು ಹೋಗಿ, ಅದರಲ್ಲಿ ಕೊರೊನಾ ವೈರಾಣುವಿನ ಆರ್‌ಎನ್‌ಎ ಹುಡುಕುತ್ತಿದ್ದರು. ಕೋಟಿ ದಾಟಿದ ಜನರ ಮೈಯ ಸುದ್ದಿ, ಒಂದು ಮೇಜಿನ ಮೇಲೆ ಹಿಡಿಸುವಷ್ಟು ಬಾಟಲಿಗಳಲ್ಲಿ!

ಆದರೆ ನಾನು ಬೆರಗಾದದ್ದು ಕೊರೊನಾಕ್ಕಲ್ಲ, ಮೆಣಸಿನಕಾಯಿಗೆ. ಮಳೆ ಸುರಿದರೆ ಚರಂಡಿ ನೀರು ತೆಳುವಾಗುತ್ತದೆ. ಸೋಂಕು ಇಳಿಯದಿದ್ದರೂ ಇಳಿದಂತೆ ಕಾಣುತ್ತದೆ. ಬಾಟಲಿಯಲ್ಲಿ ಮಳೆಯೆಷ್ಟು, ಮನುಷ್ಯರೆಷ್ಟು ಎಂದು ಅಳೆಯುವುದು ಹೇಗೆ? ಮೆಣಸಿನ ಗಿಡದ, ದೊಣ್ಣೆಮೆಣಸಿನ ಎಲೆಗಳಲ್ಲಿ ಮಚ್ಚೆ ಮೂಡಿಸುವ ಒಂದು ವೈರಾಣು ಇದೆ. ಖಾರದ ಪುಡಿಯಲ್ಲೋ ಸಾಸಿನಲ್ಲೋ ಸೇರಿ ನಮ್ಮ ಹೊಟ್ಟೆ ಹೊಕ್ಕು, ಜಠರದ ಆಮ್ಲಕ್ಕೂ ಜಗ್ಗದೆ ಹೊರಗೆ ಬರುತ್ತದೆ. ಮನುಷ್ಯರ ಮಲದಲ್ಲಿ ಅದು ಹೇರಳವಾಗಿದೆ ಎಂದು 2006ರಲ್ಲೇ ಕಂಡುಕೊಂಡಿದ್ದರು. ಈಗ ಹಲವು ದೇಶಗಳ ಪ್ರಯೋಗಾಲಯಗಳಿಗೆ ಅದೇ ಅಳತೆಗೋಲು. ಬಸ್ಸಾರು ಉಂಡವರೂ ಪಿಜ್ಜಾ ತಿಂದವರೂ ಖಾರದ ಲೆಕ್ಕದಲ್ಲಿ ಒಂದಾಗುತ್ತಾರೆ.

ಆಸ್ಪತ್ರೆಯ ಲೆಕ್ಕದಲ್ಲಿ ಹಾಗಲ್ಲ. ಪರೀಕ್ಷೆಗೆ ಹೋದವರಷ್ಟೇ ಅಲ್ಲಿ ಸಿಗುತ್ತಾರೆ. ಕೂಲಿ ತಪ್ಪೀತೆಂದು ಜ್ವರದಲ್ಲೇ ಕೆಲಸಕ್ಕೆ ಹೋದವರು, ಜ್ವರವೇ ಬಾರದೆ ಸೋಂಕು ಹೊತ್ತು ತಿರುಗಿದವರು ಚರಂಡಿಗೆ ಮಾತ್ರ ಸಿಗುತ್ತಾರೆ. (ಒಳಚರಂಡಿ ಸಂಪರ್ಕವಿಲ್ಲದೆ ಗುಂಡಿ ತೋಡಿಕೊಂಡ ಮನೆಗಳು ಇಲ್ಲೂ ಹೊರಗೇ.)

ಹೆಸರು ಹೇಳದಿರುವುದು ಈ ನೀರಿನ ದೊಡ್ಡ ಗುಣ ಅನ್ನಿಸುತ್ತದೆ. ಹೇಳಿಸಲು ಹೊರಟರೆ ಹೇಳಲೂಬಹುದು. 1940ರ ದಶಕದಲ್ಲಿ ಇಂಗ್ಲೆಂಡಿನ ಸಿಡ್ಮತ್ ಎಂಬ ಕಡಲೂರಿನಲ್ಲಿ ಬ್ರೆಂಡನ್ ಮೂರ್ ಎಂಬವರು ಪ್ಯಾರಾಟೈಫಾಯ್ಡಿನ ಮೂಲ ಹುಡುಕುತ್ತ ಚರಂಡಿಗಳಲ್ಲಿ ಗಾಯಕ್ಕೆ ಕಟ್ಟುವ ಬಟ್ಟೆಯ ಸುರುಳಿಗಳನ್ನು ಇಳಿಬಿಟ್ಟರು. ಬ್ಯಾಕ್ಟೀರಿಯಾ ಸಿಕ್ಕಿದ ಕವಲು ಹಿಡಿದು ಹಿಂದಕ್ಕೆ ಹೋಗುತ್ತ ಹೋಗುತ್ತ, ತಮಗೇ ಅರಿವಿಲ್ಲದೆ ರೋಗ ಹೊತ್ತವರ ತನಕ ತಲುಪಿದರು. ಒಳ್ಳೆಯ ಕೆಲಸವೇ. ಆದರೂ ಓದುವಾಗ ಮೈ ಜುಮ್ಮೆಂದಿತು.

ಮುಂಬೈಯಲ್ಲಿ ಅಷ್ಟು ದೂರ ಹೋಗಬೇಕಿರಲಿಲ್ಲ. ಪೋಲಿಯೊ ಸೋಂಕು ತಗಲಿದ ಸುಮಾರು ಇನ್ನೂರರಲ್ಲಿ ಒಬ್ಬರಿಗೆ ಮಾತ್ರ ಪಾರ್ಶ್ವವಾಯು ಕಾಣುತ್ತದೆ. ಮಿಕ್ಕವರನ್ನು ಪತ್ತೆ ಹಚ್ಚಲೆಂದೇ 2001ರಿಂದ ಅಲ್ಲಿನ ಕೊಳಚೆ ನೀರನ್ನು ಪರೀಕ್ಷಿಸುತ್ತ ಬಂದರು. ಯಾರ ಮನೆಯಿಂದ ಬಂತೆಂದು ಕೇಳಿ ಆಗಬೇಕಾದ್ದೇನು, ಹನಿ ಹಾಕುವುದು ಎಲ್ಲ ಮಕ್ಕಳಿಗೂ ತಾನೆ? ರೋಗ ತರುವ ಮೂಲ ವೈರಾಣು ಅಲ್ಲಿ ಕೊನೆಯದಾಗಿ ಸಿಕ್ಕಿದ್ದು 2010ರ ನವೆಂಬರಿನಲ್ಲಿ. ಆಮೇಲೂ ಬಾಟಲಿಗಳಲ್ಲಿ ಪೋಲಿಯೊ ಕಾಣಿಸುತ್ತಲೇ ಇತ್ತು. ಅದು ಮಕ್ಕಳ ಬಾಯಿಗೆ ಹಾಕಿದ ಲಸಿಕೆಯದು.